ಸಿದ್ದಕ್ಕನ ಕೂಗು

ನಮ್ಮ ಸಿದ್ದಕ್ಕ ಯಾರನ್ನೂ ಕೂಗಿ ಕರೆಯುತ್ತಿರಲಿಲ್ಲ. ಅವಳ ತಂಗಿ ನಾನು ಹೊಲದ ಆ ತುದಿಗಿದ್ದರೂ ಅಷ್ಟು ದೂರ ನಡೆದು ಬಂದು, ಬೆನ್ನು ಮುಟ್ಟಿ, "ಉಣ್ಣಾಕ ನಡಿ" ಅನ್ನುವಳು. ಹಾಗಂತ ಮೂಗಿಯೇನಲ್ಲ, ಕೂತರೆ ಹರಟೆಗೆ ಕೊನೆಯಿಲ್ಲ. ಮುರುಮಕ್ಕೆ ಮದುವೆಯಾಗಿ ಹೋದ ಮೇಲೆ ಅವಳ ಅತ್ತೆ ನಮ್ಮ ಅವ್ವನ ಮುಂದೆ ಗೊಣಗಿದ್ದಳು: "ಹೊಲದ ಮಂದಿಗಿ ಕರಿಯಾಕ ಅರ್ಧಾ ಹರದಾರಿ ನಡೀತಾಳ್ರೀ ನಿಮ್ಮ ಮಗಳು. ಇತ್ಲಾಗ ಹಂಚಿನ ಮ್ಯಾಲಿನ ರೊಟ್ಟಿ ಸುಟ್ಟ ಕರ್ರಗಾಗ್ತದ."

ಸಣ್ಣವಳಿದ್ದಾಗ ಹೀಗಿರಲಿಲ್ಲ. ನಿಜಾಮರ ಕಾಲ, ಗುಂಜೋಟಿಯ ಬಯಲಿನಲ್ಲಿ ನಮ್ಮ ಕುರಿ ಮಂದೆ. ಸಿದ್ದಕ್ಕ ಒಂದು ಕೂಗು ಹಾಕಿದರೆ ಮೇಯುತ್ತಿದ್ದ ಕುರಿಗಳೆಲ್ಲ ತಲೆಯೆತ್ತುತ್ತಿದ್ದವು. ಆದರೆ ತೀರಾ ಹೆಂಗರುಳು. ಉಣ್ಣೆ ಕತ್ತರಿಸುವಾಗ ಕುರಿಗೆ ಗೀರು ಬಿದ್ದರೆ ಅಳುವಳು. ಅಪ್ಪ ನನ್ನನ್ನು ಬೈದರೆ ಅವಳ ಗಂಟಲಲ್ಲಿ ರೊಟ್ಟಿ ಇಳಿಯುತ್ತಿರಲಿಲ್ಲ.

"ಹೆಣ್ಣ ಕೂಸು ಇಷ್ಟ ಮೆತ್ತಗಿದ್ರ ಮಂದಿ ಮನ್ಯಾಗ ಹ್ಯಾಂಗ ಬಾಳ್ತದ?" ಎಂದು ಅಪ್ಪ ಸಿಡುಕುತ್ತಿದ್ದ.

"ಸಣ್ಣದದ, ಇರಲಿ ಬಿಡ್ರಿ," ಅನ್ನುವಳು ಅವ್ವ.

"ನೀನೇ ಕೆಡಸೀದಿ ಅದಕ್ಕ."

ಅಪ್ಪ ಕೆಟ್ಟವನಲ್ಲ. ಮಗಳ ಮುಂದಿನ ಬಾಳಿನ ಬಗ್ಗೆ ಅವನಿಗೆ ಹೆದರಿಕೆ, ಆ ಹೆದರಿಕೆ ಬಾಯಿಗೆ ಬರುವಾಗ ಸಿಟ್ಟಾಗಿ ಬರುತ್ತಿತ್ತು. ಅವಳ ಮನಸ್ಸು ಗಟ್ಟಿ ಮಾಡಬೇಕೆಂದು ಅವನೊಂದು ಉಪಾಯ ಹೂಡಿದ. ತಾಯಿ ಸತ್ತ ಗಂಡು ಮರಿಯೊಂದನ್ನು ಅವಳ ಮಡಿಲಿಗೆ ಹಾಕಿ, "ಇದು ಬೀರಪ್ಪ ದೇವರಿಗಿ ಬಿಟ್ಟದ್ದು. ಸಾಕಿ ನೀನೇ ಕೊಡಬೇಕು," ಎಂದ. ಅವಳು ಬಟ್ಟೆಯನ್ನು ಹಾಲಲ್ಲಿ ಅದ್ದಿ ಚೀಪಿಸಿ ಬೆಳೆಸಿದಳು. ಕರ್ಯಾ ಎಂದು ಹೆಸರಿಟ್ಟಳು.

ನಮ್ಮಲ್ಲಿ ಬಲಿಯ ಟಗರಿನ ಮೇಲೆ ನೀರು ಚಿಮುಕಿಸುತ್ತಾರೆ. ಅದು ಮೈ ಝಾಡಿಸಿ ಕೊಡವಿದರೆ ದೇವರು ಒಪ್ಪಿದ ಹಾಗೆ, ಇಲ್ಲವಾದರೆ ಕಡಿಯುವಂತಿಲ್ಲ. ಕರ್ಯಾ ಬೆಳೆದು ಟಗರಾದ ಮೇಲೆ ಬಲಿಯ ದಿನ ಬಂತು. ಅವತ್ತು ಎಷ್ಟು ನೀರು ಹಾಕಿದರೂ ಕರ್ಯಾ ಅಲುಗಲಿಲ್ಲ. ಮಂದಿ ಗುಸುಗುಸು ಶುರುಮಾಡಿದರು. ಅಪ್ಪನ ಮುಖ ಕಪ್ಪಿಟ್ಟಿತು. ಅವ್ವನ ಸೆರಗಿನ ಹಿಂದೆ ನಿಂತಿದ್ದ ಸಿದ್ದಕ್ಕನನ್ನು ಎಳೆದು ತಂದ.

"ಕರಿ ಅದಕ್ಕ."

"ನಾ ಒಲ್ಲೆ, ಅಪ್ಪಾ."

"ಕರಿ ಅಂದ್ರ ಕರಿ! ಇವತ್ತ ಅತ್ತಿ ಅಂದ್ರ ಜಲ್ಮಾ ಪೂರಾ ಅಳ್ತಿ."

ಅವ್ವ ಒಂದು ಹೆಜ್ಜೆ ಮುಂದೆ ಬಂದಳು. ಅಪ್ಪ ಕಣ್ಣು ಬಿಟ್ಟ, ಅವಳು ಅಲ್ಲೇ ನಿಂತಳು. ಸಿದ್ದಕ್ಕ ಕರೆದಳು. ಕರ್ಯಾ ಅವಳತ್ತ ತಿರುಗಿ, ಮೈಯೆಲ್ಲ ಝಾಡಿಸಿ, ಅವಳ ಕಡೆಗೇ ನಡೆಯಿತು. ಮಂದಿ ಭಂಡಾರದ ಅರಿಶಿನ ಹಾರಿಸಿದರು.

ಅವಳು ಅಳಲಿಲ್ಲ. "ನೋಡಿದ್ಯಾ, ಗಟ್ಟಿ ಆದಳು," ಎಂದು ಅಪ್ಪ ಅವ್ವನ ಮುಂದೆ ಹಿಗ್ಗಿದ. ಆ ಮಾತು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅಂದಿನಿಂದ ಅವಳು ಯಾರನ್ನೂ ಕರೆಯಲಿಲ್ಲ, ಅಪ್ಪಾ ಎಂದು ಕೂಡ. ಯಾಕೆಂದು ಒಮ್ಮೆ ಕೇಳಿದೆ. "ನಾ ಕರದ್ರ ನಂಬಿ ಬರ್ತಾರ," ಎಂದಳು.

ಅಪ್ಪನಿಗೆ ಕೊನೆಗಾಲದಲ್ಲಿ ಚಳಿಜ್ವರ ಹತ್ತಿತು. ಉದಗೀರದ ಹಕೀಮರ ದವಾ ನಾಟಲಿಲ್ಲ. ಸಿದ್ದಕ್ಕ ಮುರುಮದಿಂದ ಬಂದು ಹಾಸಿಗೆಯ ಪಕ್ಕ ಕೂತಳು. ಎಷ್ಟೋ ವರ್ಷದಿಂದ ನುಂಗಿಕೊಂಡಿದ್ದನ್ನು ಅಪ್ಪ ಅವತ್ತು ಆಡಿದ.

"ಸಿದ್ದಿ, ನಾ ತಪ್ಪ ಮಾಡೀನವ್ವಾ. ಒಂದ ಸಲ ಅಪ್ಪಾ ಅಂತ ಕರಿ."

ಅವಳು ಬಾಗಿದಳು. ಬಾಯಿ ತೆರೆದಳು. ಅಷ್ಟರಲ್ಲೇ ಚಳಿ ಏರಿ ಅಪ್ಪನ ಮೈಯೆಲ್ಲ ಟಗರು ಝಾಡಿಸಿದ ಹಾಗೆ ಗಡಗಡ ನಡುಗಿತು. ಸಿದ್ದಕ್ಕ ಒಂದು ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು, ಇನ್ನೊಂದು ಕೈಯಿಂದ ಕಂಬಳಿಯನ್ನು ಅವನ ಕುತ್ತಿಗೆಯವರೆಗೂ ಎಳೆದಳು. ಅಪ್ಪ ಅವಳ ಮುಖವನ್ನೇ ನೋಡುತ್ತ ಪ್ರಾಣ ಬಿಟ್ಟ.

ನಾವೆಲ್ಲ ಅಪ್ಪಾ, ಅಪ್ಪಾ ಎಂದು ಬಾಯಿ ಬಡಿದುಕೊಂಡು ಅತ್ತೆವು. ಸಿದ್ದಕ್ಕ ಆಗಲೂ ಬಾಯಿಯ ಮೇಲಿನ ಕೈ ತೆಗೆಯಲಿಲ್ಲ.