ವೀರವ್ವ ಬರೆಸಿದ ನಂಬರು

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಸೀರೆ ನೇಯುವವರು ಮಗ್ಗದ ಮೇಲಿನ ಹಳೆಯ ಹಾಸಿನ, ಅಂದರೆ ಉದ್ದೆಳೆಗಳ, ತುದಿಗೆ ಹೊಸ ಹಾಸು ಕೂಡಿಸಬೇಕೆಂದರೆ ವೀರವ್ವನನ್ನೇ ಕರೆಯುತ್ತಾರೆ. ಸಾವಿರಾರು ಎಳೆ, ಒಂದೊಂದನ್ನೂ ಬೆರಳಲ್ಲಿ ಹೊಸೆದು ಕೂಡಿಸುತ್ತಾಳೆ. ಅಂಥವಳಿಗೆ ಇಬ್ಬರು ಡಾಕ್ಟರರನ್ನು ಕೂಡಿಸಲು ಮೂರು ತಿಂಗಳು ಹಿಡಿಯಿತು. ನೆನೆದರೆ ಪಕ್ಕದ ಮನೆಯವಳಾದ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅವಳ ಗಂಡ ನಿಜಲಿಂಗಪ್ಪನಿಗೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿ, ಹೊಸ ಗುಳಿಗೆ ಬರೆದುಕೊಟ್ಟರು. ಊರಿನ ಡಾಕ್ಟರು ಕೊಡುತ್ತಿದ್ದ ಹಳೆಯ ಬಿ.ಪಿ. ಗುಳಿಗೆ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ವೀರವ್ವ ಎರಡನ್ನೂ ನುಂಗಿಸಿದಳು. ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗದಿಂದ ಎದ್ದರೆ ಸಾಕು, ಮನುಷ್ಯನಿಗೆ ಕಣ್ಣಿಗೆ ಕತ್ತಲೆ ಬರತೊಡಗಿತು.

ಊರಿನ ಡಾಕ್ಟರ್ ಮುನಾವರ ನೋಡಿ ಗಾಬರಿಯಾದರು. "ಎರಡೂ ಒಂದ ಔಷಧ ಐತಿ ವೀರವ್ವ, ಹೆಸರಷ್ಟ ಬ್ಯಾರೆ. ನಂದು ಬಿಡಸು."

ಅವರೇ ಹುಬ್ಬಳ್ಳಿಗೆ ಫೋನ್ ಮಾಡಿದರೆ ಆಸ್ಪತ್ರೆಯವರು ಅಲ್ಲಿಯ ಡಾಕ್ಟರಿಗೆ ಕೊಡಲೇ ಇಲ್ಲ. ಕೊನೆಗೆ ಪತ್ರ ಬರೆದುಕೊಟ್ಟರು. ಗುಳಿಗೆ ಬಿಡಿಸಿದ್ದನ್ನು ಹೇಳಿ ವೀರವ್ವ ಪತ್ರ ಕೊಟ್ಟರೆ ಹುಬ್ಬಳ್ಳಿಯ ಆ ಮಹಾಶಯ ಅದನ್ನು ಬಿಚ್ಚದೆ ಫೈಲಿಗೆ ಸಿಕ್ಕಿಸಿದ. "ಹಳೇ ಗುಳಿಗಿ ಯಾಕ ಬಿಟ್ರಿ? ಎಲ್ಲಾ ಚಾಲೂ ಮಾಡ್ರಿ."

"ಎರಡೂ ಒಂದ ಅಂತ್ರಿ…"

"ಡಾಕ್ಟರ್ ನಾನೋ ನೀವೋ?"

ಹೆದರಿ ಮತ್ತೆ ಚಾಲೂ ಮಾಡಿದಳು. ವಾರದೊಳಗೆ ನಿಜಲಿಂಗಪ್ಪ ಹೊಸ್ತಿಲ ಕಲ್ಲಿನ ಮೇಲೆ ಬಿದ್ದು ಹಣೆ ಒಡೆದುಕೊಂಡ. ಆರು ಹೊಲಿಗೆ. ಕಲ್ಲಿನ ಅಂಚು ಒಂದಿಷ್ಟು ಕೆಳಗೆ ತಾಗಿದ್ದರೆ ಕಣ್ಣೇ ಹೋಗುತ್ತಿತ್ತು.

ಮರುವಾರ ಹುಬ್ಬಳ್ಳಿಗೆ ನಾನೂ ಜೊತೆಗೆ ಹೋದೆ. ವೀರವ್ವ ಗಂಡನನ್ನು ಕುರ್ಚಿಯಲ್ಲಿ ಕೂಡಿಸಿ, ತಾನೂ ಪಕ್ಕಕ್ಕೆ ಕೂತು, ಮುನಾವರ ಡಾಕ್ಟರಿಗೆ ಫೋನ್ ಹಚ್ಚಿ ಆ ದೊಡ್ಡ ಮನುಷ್ಯನ ಮೇಜಿನ ಮೇಲಿಟ್ಟಳು. "ಮಾತಾಡ್ರಿ. ಇಲ್ಲಾಂದ್ರ ನಾ ಏಳೂದಿಲ್ಲ."

ಹೊರಗೆ ಪಾಳಿಯವರು ಇಣುಕುತ್ತಿದ್ದರು. ಆತ ಮುಖ ಗಂಟಿಕ್ಕಿಕೊಂಡೇ ಫೋನ್ ಎತ್ತಿಕೊಂಡ. ಎರಡೇ ನಿಮಿಷ. "ಹೌದಲ್ರಿ, ಎರಡೂ ಒಂದ" ಎಂದು ಒಂದು ಗುಳಿಗೆಗೆ ಗೀಟು ಹಾಕಿದ. ಮೂರು ತಿಂಗಳು ಮನುಷ್ಯನನ್ನು ಬೀಳಿಸಿದ್ದು ಆಡದೆ ಉಳಿದ ಎರಡು ನಿಮಿಷದ ಮಾತು! ಮೇಲೆ ಕೇಳುತ್ತಾನೆ: "ಇದನ್ನ ಮೊದ್ಲ ಹೇಳಬಾರದೇನವ್ವ?"

"ಹೇಳೇನ್ರಿ. ಪತ್ರ ಫೈಲಿನ್ಯಾಗ ಐತಿ. ಬಿಚ್ಚರಿ."

ಮಡಿಕೆ ಬಿಚ್ಚಿ ಓದಿದ. "ಮುಂದ ಏನರ ಆದ್ರ ಅವರಿಗೆ ನನಗ ಫೋನ್ ಮಾಡಾಕ ಹೇಳ್ರಿ."

"ಅವರು ಮಾಡಿದ್ರ ನಿಮ್ಮವರು ಕೊಡೂದಿಲ್ಲ. ನೀವ ಮಾಡ್ರಿ. ಅವರ ನಂಬರ್ ಬರಕೊಳ್ರಿ."

ಬರೆದುಕೊಂಡ.

"ಓದ್ರಿ."

ಅಷ್ಟು ಜನರೆದುರು ಒಂದೊಂದೇ ಅಂಕಿ ಓದಿದ. ಹತ್ತನೆಯದು ಸರಿ ಬಂದ ಮೇಲೆಯೇ ವೀರವ್ವ ಗಂಡನ ಕೈ ಹಿಡಿದು ಎದ್ದಳು.