ಸೋಡಾ ಭಾವ ಮತ್ತು ಸಾಹೇಬರ ಬೆಲ್ಟು

ಮದುವೆಯಾದ ಮೂರನೇ ದಿನವೇ ಭಾವ ಬೆರಳಿನ ಉಂಗುರ ಬಿಚ್ಚಿ, ಸೋಪಿನ ಡಬ್ಬಿಗೆ ಹಾಕಿ ಕೆಲಸಕ್ಕೆ ಹೋದರು. ಅಕ್ಕ ಮುಖ ಊದಿಸಿಕೊಂಡು ಒಂದು ವಾರ ಮಾತು ಬಿಟ್ಟಳು. ಬ್ಯಾಟರಿ ಮುಟ್ಟುವವನ ಮೈಮೇಲೆ ಲೋಹ ಇರಬಾರದು ಎಂದು ಅವರು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ನಾನಂತೂ ಇನ್ನಷ್ಟು ಉಪ್ಪು ಖಾರ ಹಚ್ಚಿದೆ. ಆಮೇಲೆ ಇಪ್ಪತ್ತೆರಡು ವರ್ಷ ಆ ಉಂಗುರ ಬೆಳಗ್ಗೆ ಡಬ್ಬಿಗೆ, ಸಂಜೆ ಬೆರಳಿಗೆ ಓಡಾಡಿಕೊಂಡೇ ಇತ್ತು.

ಭಾವ ಕೆಲಸಕ್ಕಿರುವುದು ಒಂದು ದೊಡ್ಡ ಆಸ್ಪತ್ರೆಯಲ್ಲಿ. ಹಾಸಿಗೆ ಬಟ್ಟೆ, ಊಟದ ತಟ್ಟೆ ಹೊತ್ತು ಕಟ್ಟಡದಿಂದ ಕಟ್ಟಡಕ್ಕೆ ಓಡುವ ಎಂಟು ಬ್ಯಾಟರಿ ಗಾಡಿಗಳು ಅಲ್ಲಿವೆ. ಅವುಗಳ ಬ್ಯಾಟರಿ ಒರೆಸುವುದು, ನೀರು ತುಂಬುವುದು, ಕೆಟ್ಟವನ್ನು ಬದಲಾಯಿಸುವುದು ಇವರ ಕೆಲಸ. ನಾನು ಅಲ್ಲೇ ಉಗ್ರಾಣದ ಗುಮಾಸ್ತ. ತಂತಿ ಕೂಡುವ ತುದಿಗಳ ಮೇಲೆ ಬೂಷ್ಟಿನ ಹಾಗೆ ಬೆಳೆಯುವ ಬಿಳಿ ಪುಡಿಯನ್ನು ಭಾವ ಅಡುಗೆ ಸೋಡಾ ಕಲಸಿದ ನೀರಲ್ಲಿ ಉಜ್ಜುತ್ತಾರೆ. ಉಗ್ರಾಣದಿಂದ ಸೋಡಾ ಹೋಗುವುದು ಒಂದು ದಿನ ತಡವಾದರೆ ಅಕ್ಕನ ಅಡುಗೆಮನೆ ಡಬ್ಬಿ ಖಾಲಿ. ಆಸ್ಪತ್ರೆಯಲ್ಲಿ ಅವರ ನಿಜವಾದ ಹೆಸರು ಕೇಳಿದರೆ ಯಾರಿಗೂ ಗೊತ್ತಿಲ್ಲ. ಸೋಡಾ ಅಂದರೆ ಕೈ ಹಿಡಿದು ಬ್ಯಾಟರಿ ಶೆಡ್ಡಿಗೆ ಬಿಟ್ಟು ಬರುತ್ತಾರೆ.

ಶೆಡ್ಡಿನ ಗೋಡೆಯ ಹಲಗೆಯಲ್ಲಿ ಅವರದೇ ಕೈಬರಹದ ಏಳು ನಿಯಮಗಳು. ಬಾಗಿಲು ಕಿಟಕಿ ತೆರೆದು ಕಾಲು ಗಂಟೆ ಕಾಯುವುದು. ಮೈಮೇಲಿನ ಲೋಹ ತೆಗೆಯುವುದು. ಮೈನಸ್ ತಂತಿ ಮೊದಲು ಬಿಚ್ಚುವುದು, ಕೊನೆಗೆ ಕೂಡಿಸುವುದು. ಹೀಗೇ. ಇದನ್ನು ಓದುವಷ್ಟರಲ್ಲಿ ಬೇರೆಯವರು ಕೆಲಸ ಮುಗಿಸಿ ಕೈ ತೊಳೆದಿರುತ್ತಾರೆ ಎಂದು ನಾನೇ ಎಷ್ಟೋ ಸಲ ಹಂಗಿಸಿದ್ದೇನೆ.

ಹೊಸದಾಗಿ ಬಂದ ಮೇಲ್ವಿಚಾರಕ ಸಾಹೇಬರಿಗೂ ಹಾಗೇ ಅನ್ನಿಸಿತು. ಒಂದು ಗಾಡಿಯ ಆರು ಬ್ಯಾಟರಿ ಬದಲಾಯಿಸಲು ಅರ್ಧ ದಿನವೇ? ಭಾವನನ್ನು ಬಟ್ಟೆ ಮಡಿಸುವ ವಿಭಾಗಕ್ಕೆ ಹಾಕುವ ಆದೇಶ ಟೈಪಾಯಿತು.

"ಸೋಮವಾರ ನಾನೇ ಬಂದು ಟೈಮ್ ನೋಡ್ತೀನಿ. ಎರಡು ಗಂಟೆ ಮೀರಿದ್ರೆ ಅಲ್ಲೇ ಸಹಿ," ಎಂದರು.

ಭಾನುವಾರ ಭಾವ ತಟ್ಟೆಯ ಮುಂದೆ ಕೂತು ಉಂಗುರ ತಿರುಗಿಸುತ್ತಲೇ ಇದ್ದರು. ಆ ಶೆಡ್ಡು ಬಿಟ್ಟರೆ ಅವರಿಗೆ ಬೇರೆ ಪ್ರಪಂಚವಿಲ್ಲ.

"ಒಂದು ದಿನದ ಮಟ್ಟಿಗೆ ಬೇಗ ಮುಗಿಸಿಬಿಡಿ ಭಾವ. ಕಿಟಕಿ ಆಮೇಲೆ ತೆಗೆದ್ರಾಯ್ತು," ಎಂದೆ.

"ಬ್ಯಾಟರಿಯಿಂದ ಬರೋ ಗ್ಯಾಸಿಗೆ ಸಾಹೇಬರು ಬಂದಿದಾರೆ ಅಂತ ಗೊತ್ತಾಗಲ್ಲ ಕಣೋ. ಒಂದು ಕಿಡಿ ಸಾಕು."

ಸೋಮವಾರ ಸಾಹೇಬರು ಬಂದರು. ಹೊಸ ಬ್ಯಾಟರಿಗಳ ಲೆಕ್ಕಕ್ಕೆ ನಾನೂ ಇದ್ದೆ. ಭಾವ ಬಾಗಿಲು ಕಿಟಕಿ ತೆರೆದು ಸುಮ್ಮನೆ ಸ್ಟೂಲಿನ ಮೇಲೆ ಕೂತರು. ಕಾಲು ಗಂಟೆ ಹೋಯಿತು. ಆಮೇಲೆ ನಮಗೂ ಕನ್ನಡಕ, ರಬ್ಬರ್ ಏಪ್ರನ್ ಕೊಟ್ಟು, ಪ್ಲಾಸ್ಟಿಕ್ ಡಬ್ಬಿ ಚಾಚಿದರು.

"ವಾಚ್ ಬಿಚ್ಚಿ ಇದರಲ್ಲಿ ಹಾಕಿ ಸರ್. ಮೊಬೈಲೂ."

"ಟೈಮ್ ನೋಡೋಕೆ ಅಂತಾನೇ ಕಟ್ಕೊಂಡು ಬಂದಿರೋದು."

"ಹಾಗಾದ್ರೆ ಹೊರಗೆ ನಿಂತು ನೋಡಿ ಸರ್."

ಹೊರಗೆ ನಿಂತರೆ ಕೆಲಸ ಕಾಣುವುದಿಲ್ಲ. ಸಾಹೇಬರು ವಾಚು ಬಿಚ್ಚಿ ಗೋಡೆ ಗಡಿಯಾರ ನೋಡಿದರು. ಅದು ನಿಂತು ಎರಡು ವರ್ಷ. ಅದರ ಬ್ಯಾಟರಿ ಬದಲಾಯಿಸಲು ಭಾವನಿಗೆ ಪುರುಸೊತ್ತಾಗಿರಲಿಲ್ಲ.

"ಬೆಲ್ಟೂ ಬಿಚ್ಚಿ ಸರ್. ಬಕಲ್ ಇದೆ."

ಸಾಹೇಬರು ಸಕ್ಕರೆ ಬಿಟ್ಟು ತೆಳ್ಳಗಾಗಿದ್ದರು. ಪ್ಯಾಂಟು ಮಾತ್ರ ಹಳೆಯ ಅಳತೆಯದು. ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿದುಕೊಂಡು ನಿಂತರು. ನಾನು ನಗು ತಡೆಯಲು ಬ್ಯಾಟರಿಗಳನ್ನು ಮೂರು ಸಲ ಎಣಿಸಿದೆ.

"ಜೇಬಲ್ಲಿ ಇನ್ನೇನಾದ್ರೂ ಇದೆಯಾ ಸರ್?"

"ಏನೂ ಇಲ್ಲ. ಶುರು ಮಾಡ್ರೀ."

ಭಾವ ಗಾಡಿಯ ಕೀಲಿ ತೆಗೆದರು, ಹಿಡಿಗೆ ಟೇಪು ಸುತ್ತಿದ ಸ್ಪ್ಯಾನರಿನಿಂದ ಮೈನಸ್ ತಂತಿ ಬಿಚ್ಚಿದರು. ಕರೆಂಟು ಹೋಯಿತಲ್ಲ ಎಂದುಕೊಂಡು ಸಾಹೇಬರು ಬಗ್ಗಿ ಇಣುಕಿದರು. ಏಪ್ರನ್ನಿನ ಮೇಲಿಂದ, ಅಂಗಿಯ ಜೇಬಿನ ಸ್ಟೀಲ್ ಪೆನ್ನು ಜಾರಿತು. ಆದೇಶಕ್ಕೆ ಸಹಿ ಹಾಕಲು ತಂದಿದ್ದ ಪೆನ್ನು. ಹಿಡಿಯಲು ಕೈ ಚಾಚಬೇಕು ಎನ್ನುವಷ್ಟರಲ್ಲಿ ಪ್ಯಾಂಟು ನೆನಪಾಗಿ ಕೈ ಅಲ್ಲೇ ನಿಂತಿತು.

ತಂತಿ ಬಿಚ್ಚಿದರೂ ಬ್ಯಾಟರಿಗಳೊಳಗೆ ಕರೆಂಟು ಇದ್ದೇ ಇರುತ್ತದೆ. ಪೆನ್ನು ಎರಡು ಬ್ಯಾಟರಿಗಳ ತುದಿಗಳಿಗೆ ಅಡ್ಡಬಿತ್ತು. ಚಟಾರ್ ಎಂದು ನೀಲಿ ಬೆಂಕಿ ಹಾರಿತು. ಭಾವ ಭುಜದಿಂದ ಸಾಹೇಬರನ್ನು ಹಿಂದಕ್ಕೆ ತಳ್ಳಿ, ಪೊರಕೆಯ ಮರದ ಹಿಡಿಯಿಂದ ಪೆನ್ನನ್ನು ಹೊಡೆದು ಬೀಳಿಸಿದರು. ಗ್ಯಾಸು ಆಗಲೇ ಕಿಟಕಿಯಿಂದ ಹೋಗಿತ್ತು. ಮತ್ತೇನೂ ಆಗಲಿಲ್ಲ.

ನೆಲದಲ್ಲಿ ಬಿದ್ದ ಪೆನ್ನಿನ ನಡು ಕರಗಿ ಹೋಗಿತ್ತು. ಆ ಜಾಗದಲ್ಲಿ ಭಾವನ ಬೆರಳನ್ನು, ಬೆರಳಿನಲ್ಲಿ ಉಂಗುರವನ್ನು ನೆನೆಸಿಕೊಂಡೆ. ಇಷ್ಟು ವರ್ಷ ಹಂಗಿಸಿದ ನನ್ನ ನಾಲಿಗೆಯ ಮೇಲೆ ನನಗೇ ಸಿಟ್ಟು ಬಂತು.

"ಜೇಬು ನಾನೇ ನೋಡ್ಬೇಕಿತ್ತು. ತಪ್ಪು ನಂದು ಸರ್," ಎಂದರು ಭಾವ. "ಬಟ್ಟೆ ಮಡಿಸೋಕೆ ಹೋಗ್ತೀನಿ."

ಸಾಹೇಬರು ಕರಗಿದ ಪೆನ್ನನ್ನು ಬಗ್ಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಪೆನ್ ಇದೆಯೇನ್ರೀ?" ಎಂದರು.

ಆದೇಶಕ್ಕೆ ಸಹಿ ಬಿದ್ದೇಬಿಟ್ಟಿತು ಎಂದುಕೊಂಡೆ. ಉಗ್ರಾಣದ ಪ್ಲಾಸ್ಟಿಕ್ ಪೆನ್ನು ಇತ್ತು, ಕೊಡದೆ ವಿಧಿಯಿರಲಿಲ್ಲ. ಅವರು ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಗೋಡೆಯ ಹತ್ತಿರ ಹೋಗಿ, ಏಳನೇ ನಿಯಮದ ಕೆಳಗೆ ನಿಧಾನವಾಗಿ ಬರೆದರು: ಸಾಹೇಬರ ಜೇಬನ್ನೂ ನೋಡುವುದು. ಬರೆದು ಅದರ ಕೆಳಗೆ ಸಹಿ ಹಾಕಿದರು.