ಏಕವಚನದ ಸೋಲೋ

ನಮ್ಮ ಬಡಾವಣೆಯಲ್ಲಿ ಯಾರೂ ಒಂದು ವಾಕ್ಯವನ್ನು ಒಂದೇ ಉಸಿರಿಗೆ ಮುಗಿಸುವುದಿಲ್ಲ. ನೀವು ಬಂದು ಜಗುಲಿಯ ಮೇಲೆ ಐದು ನಿಮಿಷ ಕುಳಿತರೆ ಇದು ನಿಮಗೂ ತಿಳಿಯುತ್ತದೆ. ತಾಂಬರಂನ ಪೂರ್ವಕ್ಕೆ, ವಾಯುಪಡೆಯ ತರಬೇತಿ ನೆಲೆಯ ಗೋಡೆಗೆ ಬೆನ್ನು ಕೊಟ್ಟು ಬೆಳೆದ ಬಡಾವಣೆ ಇದು. ಬೆಳಗಾದರೆ ತರಬೇತಿಯ ವಿಮಾನಗಳು ಒಂದರ ಹಿಂದೊಂದು ನಮ್ಮ ನೆತ್ತಿಯ ಮೇಲೆ ಪ್ರದಕ್ಷಿಣೆ ಹಾಕುತ್ತವೆ. ಕೆಳಗಿರುವ ನಾವು ಮಾತಿನ ನಡುವೆ ಅಂಗೈ ಎತ್ತಿ ತಮಿಳಿನಲ್ಲಿ "ಪೋಗಟ್ಟುಂ" ಎನ್ನುತ್ತೇವೆ. ಹೋಗಲಿ ಬಿಡಿ, ಆಮೇಲೆ ಮಾತಾಡೋಣ ಎಂದು ಅದರ ತಾತ್ಪರ್ಯ. ತರಕಾರಿಯವಳು ಬೆಂಡೆಕಾಯಿಯ ಬೆಲೆಯನ್ನು ಅರ್ಧಕ್ಕೆ ತಡೆಯುತ್ತಾಳೆ, ಎದುರು ಮನೆಯ ದಂಪತಿ ಬೈಗುಳವನ್ನು ಬಾಯಲ್ಲೇ ಇಟ್ಟುಕೊಂಡು ಆಕಾಶ ನೋಡುತ್ತಾರೆ. ಸದ್ದು ಅತ್ತ ಸರಿದದ್ದೇ ತಡ, ಬಿಟ್ಟ ಅಕ್ಷರದಿಂದಲೇ ಜಗಳ ಮುಂದುವರಿಯುತ್ತದೆ.

ಈ ವಿರಾಮ ಸಂಸ್ಕೃತಿ ಮೈಗೂಡದೆ ಉಳಿದವನು ನಾನೊಬ್ಬನೇ. ಗದಗಿನ ಕಡೆಯಿಂದ ಬಂದು ಬಂದರಿನ ಪಕ್ಕದ ಪ್ಯಾರೀಸ್ ಕಾರ್ನರಿನಲ್ಲಿ ಪೈಪುಗಳ ಅಂಗಡಿ ಇಟ್ಟವನು ನಾನು. ಹಡಗಿನ ಸೈರನ್ನು, ಲಾರಿಯ ಹಾರನ್ನು, ಗಿರಾಕಿಯ ಚೌಕಾಸಿ, ಇವೆಲ್ಲವನ್ನೂ ಮೀರಿಸಿ ಕೂಗಿ ರೂಢಿಯಾದ ಗಂಟಲು. ಸುಮ್ಮನೆ ಕೂರುವುದೆಂದರೆ ನನಗೆ ಜ್ವರ ಬಂದಂತೆ. ಕಾಲು ಅಲ್ಲಾಡುತ್ತಿರಬೇಕು, ಬಾಯಿ ಸಲಹೆ ಕೊಡುತ್ತಿರಬೇಕು. ಇಂಥವನಿಗೆ ಸಕ್ಕರೆ ಕಾಯಿಲೆ ಕಣ್ಣಿನ ಪರದೆಗೆ ಇಳಿದು, ಇನ್ನು ಮುಂದೆ ಕಾರು ಓಡಿಸಕೂಡದೆಂದು ಡಾಕ್ಟರು ಹೇಳಿದರು. ತಿಂಗಳಿಗೊಮ್ಮೆ ಕಣ್ಣಿಗೆ ಚುಚ್ಚುಮದ್ದು, ಮಿಕ್ಕ ದಿನಗಳಲ್ಲಿ ಮನೆ. ಕಾರನ್ನು ಮಾರಿಬಿಡೋಣವೆಂದೆ.

"ಯಾಕ್ರೀ ಮಾರೂದು? ನಾ ಕಲೀತೀನಿ," ಅಂದಳು ನನ್ನ ಹೆಂಡತಿ ನೀಲಾ.

ನಾನು ನಕ್ಕೆ. ಅವಳು ನಗಲಿಲ್ಲ. ಡ್ರೈವಿಂಗ್ ಶಾಲೆಗೆ ಹೋದಳು, ಲೈಸೆನ್ಸೂ ಪಡೆದಳು. ಸರ್ಕಾರ ತೇರ್ಗಡೆ ಮಾಡಿದವಳನ್ನು ನಾನು ಮಾತ್ರ ಫೇಲು ಮಾಡುತ್ತಲೇ ಬಂದೆ. ಎಡಗಡೆಯ ಸೀಟಿನಲ್ಲಿ ಕುಳಿತು, ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಕಾಲಡಿಯ ಮ್ಯಾಟು ಸವೆಯಿತು. ಸರಿಯಾಗಿ ಕಾಣದ ನಾನು, ಕಾಣುವ ಅವಳಿಗೆ ದಾರಿ ತೋರಿಸುತ್ತಿದ್ದೆ! ಒಂದು ದಿನ ಮಾರುಕಟ್ಟೆಯ ಎದುರು ಬಿಳಿಯದೇನೋ ಅಡ್ಡ ಬಂದಂತಾಗಿ ಹ್ಯಾಂಡ್‌ಬ್ರೇಕು ಎಳೆದುಬಿಟ್ಟೆ. ಅದು ಗಾಳಿಗೆ ಹಾರಿ ಬಂದ ಪ್ಲಾಸ್ಟಿಕ್ ಚೀಲ. ಹಿಂದಿನ ಆಟೋದವನು ನಮ್ಮ ವಂಶವೃಕ್ಷವನ್ನು ಅಪ್ಪಟ ತಮಿಳಿನಲ್ಲಿ ಬೇರುಸಹಿತ ಅಲ್ಲಾಡಿಸಿದ. ನೀಲಾ ಗುಡಿಯೆದುರಿನ ಬಸವಣ್ಣನ ಹಾಗೆ ಮುಂದೆ ನೋಡುತ್ತಾ ಕುಳಿತಿದ್ದಳು.

ನಮ್ಮ ಮಹಡಿಯ ಮನೆಯಲ್ಲಿ ಬಾಡಿಗೆಗೆ ಇರುವವನು ಸುಹಾಸ್, ಹಾಸನದ ಹುಡುಗ, ವಾಯುಪಡೆಯ ಪೈಲಟ್. ಹಾರುವುದನ್ನು ಅವನು ಎಂದೋ ಕಲಿತಿದ್ದಾನೆ. ಈಗ ಈ ನೆಲೆಯಲ್ಲಿ ಹಾರಿಸುವುದನ್ನು ಕಲಿಸಲು ಕಲಿಯುತ್ತಿದ್ದಾನೆ. ಗುರುಗಳನ್ನು ತಯಾರಿಸುವ ಗುರುಕುಲ ಅದು. ಅಲ್ಲಿ ಹೊಸದಾಗಿ ಏನು ಹೇಳಿಕೊಡುತ್ತಾರಪ್ಪಾ ಎಂದು ಒಮ್ಮೆ ಕೇಳಿದ್ದೆ.

"ಕೈನ ತೊಡೆ ಮೇಲಿಟ್ಕೊಂಡು ಸುಮ್ನೆ ಕೂರೋದನ್ನ, ಅಂಕಲ್," ಅಂದ. "ಮುಂದಿನ ಸೀಟಲ್ಲಿರೋನು ತಪ್ಪು ಮಾಡ್ತಾನೆ ಅಂತ ನಮಗೆ ಮೊದಲೇ ಗೊತ್ತಾಗುತ್ತೆ. ಆದ್ರೂ ಅವನೇ ಸರಿ ಮಾಡ್ಕೊಳ್ಳೋವರ್ಗೂ ತಡೀಬೇಕು. ತುಂಬ ಕಷ್ಟ."

ನನಗೆ ನಂಬಿಕೆ ಬರಲಿಲ್ಲ. ಆಕಾಶದಲ್ಲಿ ಪ್ಲಾಸ್ಟಿಕ್ ಚೀಲಗಳಿಲ್ಲವೆಂದು ಸಮಾಧಾನ ಹೇಳಿಕೊಂಡೆ. ನೀಲಾ ಮಾತ್ರ ಅವನ ಮಾತನ್ನು ಗಮನವಿಟ್ಟು ಕೇಳಿರಬೇಕು, ಯಾಕೆಂದರೆ ಆಮೇಲಿನ ಎರಡು ಭಾನುವಾರ ಕಾರಿನಲ್ಲಿ ಅವಳ ಪಕ್ಕ ಕುಳಿತದ್ದು ಸುಹಾಸ್. ನಾನು ಗೇಟಿನಿಂದ ಬಾಗಿಲಿಗೆ, ಬಾಗಿಲಿನಿಂದ ಗೇಟಿಗೆ ಅಲೆದೆ.

ಎರಡನೆಯ ಭಾನುವಾರ ಅವರು ಮರಳಿದಾಗ ತಲೆಯ ಮೇಲೆ ಹೆಲಿಕಾಪ್ಟರೊಂದು ಗಿರಕಿ ಹೊಡೆಯುತ್ತಿತ್ತು. ಸುಹಾಸ್ ಕಾರಿನಿಂದಿಳಿದು ನೇರ ನನ್ನೆದುರು ಬಂದು, ನಗುತ್ತಾ, ಏನೋ ಹೇಳಿದ. ಆ ಗದ್ದಲದಲ್ಲಿ ನನ್ನ ಕಿವಿಗೆ ಬಿದ್ದದ್ದು ಒಂದೇ ಪದ: "ಸೋಲೋ."

ತಮಿಳರನ್ನಾದರೆ ಇದು ಬಾಧಿಸುತ್ತಿರಲಿಲ್ಲ. ಕನ್ನಡಿಗರಾದ ನಮ್ಮ ಕಿವಿಗೆ ಇದು ಶುದ್ಧ ಕ್ರಿಯಾಪದ, ಅದೂ ಏಕವಚನದಲ್ಲಿ ಆಜ್ಞೆ. ಬಾರೋ, ಹೋಗೋ, ಸೋಲೋ. ತಿಂಗಳಿಗೆ ಸರಿಯಾಗಿ ಬಾಡಿಗೆ ಕೊಡುವ, ಮಗನ ವಯಸ್ಸಿನ ಹುಡುಗ ನನ್ನ ಗೇಟಿನಲ್ಲೇ ನಿಂತು ನನಗೆ ಸೋಲೋ ಎನ್ನುವುದೇ? ಮುಖ ಊದಿಸಿಕೊಂಡು ಒಳಗೆ ನಡೆದೆ. ನೀಲಾ ಹಿಂದೆಯೇ ಬಂದು, ಸೆರಗಿನಿಂದ ಬೆವರೊರೆಸಿಕೊಳ್ಳುತ್ತಾ ವಿವರಿಸಿದಳು: ಶಿಷ್ಯ ಮೊದಲ ಸಲ ಗುರುವಿಲ್ಲದೆ ಒಬ್ಬನೇ ಹಾರಿದರೆ ಅದಕ್ಕೆ ಸೋಲೋ ಅನ್ನುತ್ತಾರಂತೆ. ಆಂಟಿ ಇನ್ನು ಸೋಲೋ ಹೋಗಬಹುದು ಎಂದನಂತೆ ಸುಹಾಸ್.

"ನಾಳೆ ಮುಂಜಾನೆ ಒಬ್ಬಾಕಿನ ಹೋಗಿ ಬರ್ತೀನಿ. ನೀವು ಬರೂದು ಬ್ಯಾಡ್ರಿ," ಅಂದಳು.

ಸೋಮವಾರ ಬೆಳಿಗ್ಗೆ ಕಾರು ಗೇಟು ದಾಟಿತು. ಹತ್ತಿರದ ಕ್ಯಾಂಪ್ ರೋಡಿನವರೆಗೆ ಹೋಗಿ ತಿರುಗಿ ಬರುವುದೆಂದು ಮಾತಾಗಿತ್ತು. ಕಾಫಿ ಆರಿತು. ವಿಮಾನಗಳು ಬಂದವು, ಹೋದವು, ನೀಲಾ ಬರಲಿಲ್ಲ. ಬೀದಿಯ ತಿರುವಿನಲ್ಲಿ ಬಣ್ಣದ ಮಸುಕು ಕಂಡಾಗಲೆಲ್ಲ ನಮ್ಮ ಕಾರೇ ಎಂದು ಮುಂದೆ ಹೆಜ್ಜೆ ಇಟ್ಟೆ; ಒಮ್ಮೆ ನೀರಿನ ಟ್ಯಾಂಕರಿಗೂ ಕೈ ಬೀಸಿದೆ. ಅಪಘಾತದ ಚಿತ್ರಗಳು ಒಂದೊಂದಾಗಿ ಬಂದು ಹೋದ ಮೇಲೆ, ಅವೆಲ್ಲಕ್ಕಿಂತ ಕೆಳಗೆ ಕುಳಿತಿದ್ದ ಭಯವೊಂದು ಮೇಲೆ ಬಂತು. ನೀಲಾ ಏನೂ ಆಗದೆ, ಚೆನ್ನಾಗಿಯೇ ಓಡಿಸಿಕೊಂಡು ಬಂದುಬಿಟ್ಟರೆ? ಇಷ್ಟು ವರ್ಷ ಅವಳನ್ನು ಕೂರಿಸಿಕೊಂಡು ಹೋದವನು ನಾನು. ಇನ್ನು ಮೇಲೆ ನಾನು ಕೂರಬೇಕಾದವನು. ಹೇಳಲು ನಾಚಿಕೆಯಾಗುತ್ತದೆ, ಆದರೆ ಗೇಟಿನ ಸರಳು ಹಿಡಿದುಕೊಂಡು ನಿಂತಾಗ ನನ್ನನ್ನು ಕಾಡಿದ್ದು ಅದೇ ಯೋಚನೆ.

ಕೊನೆಗೆ ಫೋನು ಬಡಿದುಕೊಂಡಿತು.

"ಕಾರ್ ಬದೀಗೆ ಹಚ್ಚಿ ಮಾತಾಡಾಕತ್ತೀನ್ರೀ. ಎಲ್ಲೆಲ್ಲೂ ತಿರುಗಸಾಕ ಜಾಗಾನ ಸಿಗಲಿಲ್ಲ. ಬ್ರಿಜ್ ಹತ್ತಿ ಇಳದು, ಕ್ರೋಂಪೇಟೆ ದಾಟಿ, ಪಲ್ಲಾವರಂ ಮುಟ್ಟೀನಿ," ಅಂದಳು. ದನಿಯಲ್ಲಿ ಹೆದರಿಕೆ ಹುಡುಕಿದೆ. ಇರಲಿಲ್ಲ. ಹೆದ್ದಾರಿಯ ಗದ್ದಲ ಇತ್ತು, ಅದರ ನಡುವೆ ಒಂದಿಷ್ಟು ನಗು ಇತ್ತು.

ಹತ್ತಾರು ಸಲಹೆಗಳು ಗಂಟಲವರೆಗೆ ಬಂದವು. ನುಂಗಿಕೊಂಡೆ.

"ಗೇಟಿನ್ಯಾಗ ನಿಂತೀರೇನು?" ಕೇಳಿದಳು.

"ಇಲ್ಲ ಇಲ್ಲ. ಒಳಗ ಆರಾಮ ಕುಂತು ಪೇಪರ್ ಓದಾಕತ್ತೀನಿ," ಅಂದೆ.

ಪೇಪರಿನ ಅಕ್ಷರಗಳು ನನಗೆ ಕಾಣದೆ ಎಷ್ಟೋ ತಿಂಗಳಾಗಿವೆ. ದಿನವೂ ಮುಂಜಾನೆ ನನ್ನ ಪಕ್ಕ ಕುಳಿತು ಓದಿ ಹೇಳುವವಳು ಅವಳೇ.

"ಹಂಗಾರ ಓದ್ರಿ," ಅಂದಳು ನೀಲಾ. "ಬಂದಮ್ಯಾಗ ಏನ್ ಸುದ್ದಿ ಅಂತ ನನಗ ಹೇಳೀರಂತ."